ಸೀಸೆಯ ಮೇಲಿನ ಅಜ್ಜಿ

ನಮ್ಮ ಕೊಬ್ಬರಿ ಎಣ್ಣೆಯ ಸೀಸೆಗಳ ಮೇಲೆ ಅಜ್ಜಿಯ ಮುಖವಿತ್ತು. ಅರಸೀಕೆರೆ ಸಂತೆಯಲ್ಲಿ ತಲೆಯ ಮೇಲೆ ಡಬ್ಬ ಹೊತ್ತು ಎಣ್ಣೆ ಮಾರಿದವಳು ಅವಳು. ಅವಳು ಹೋದ ಮೇಲೆ ಅಪ್ಪ ಅವಳ ಫೋಟೋವನ್ನೇ ಲೇಬಲ್‌ಗೆ ಹಾಕಿಸಿದರು. ಅದನ್ನು ರಿಜಿಸ್ಟರ್ ಮಾಡಿಸಿ ಎಂದು ನಾನು ಬಡಕೊಂಡರೆ, "ನಮ್ಮವ್ವ ನಮ್ಮೋಳೇ ಅಂತ ಸರ್ಕಾರಕ್ಕೆ ಅರ್ಜಿ ಹಾಕ್ಬೇಕೇನವ್ವಾ?" ಎಂದು ನಗುತ್ತಿದ್ದರು.

ಊರಿಗೆ ಬ್ರೌಸಿಂಗ್ ಸೆಂಟರ್ ಬಂದ ಹೊಸತು. ಲೇಬಲ್ ಸ್ಕ್ಯಾನ್ ಮಾಡಿಸಿ ವೆಬ್‌ಸೈಟಿಗೆ ಹಾಕಿದವಳು ನಾನೇ. ನನ್ನ ಜಂಭವೋ ಜಂಭ! ಕೆಲವೇ ತಿಂಗಳಲ್ಲಿ ಇನ್ನೊಂದು ವೆಬ್‌ಸೈಟಿನಲ್ಲಿ ಅದೇ ಅಜ್ಜಿ, ಅದೇ ಹೆಸರು, ಬೇರೆ ಫೋನ್ ನಂಬರು. ನಮ್ಮ ಚಿತ್ರ ಕದ್ದು ಯಾರೋ ಕಲಬೆರಕೆ ಎಣ್ಣೆ ಮಾರುತ್ತಿದ್ದರು. ಅವರ ವಂಶ ಹಾಳಾಗಲಿ ಎಂದು ಕಂಪ್ಯೂಟರಿನ ಮುಂದೆಯೇ ಶಪಿಸಿದೆ.

ಒಂದು ಬೆಳಿಗ್ಗೆ ಹಳೇಬೀಡಿನ ಅಂಗಡಿಯವರೊಬ್ಬರು ಆ ಸೀಸೆಗಳ ಪೆಟ್ಟಿಗೆ ಹೊತ್ತು ಬಂದರು. "ಏನ್ ಯಜಮಾನ್ರೇ, ಸೀಮೆಎಣ್ಣೆ ವಾಸ್ನೆ ಬತ್ತೈತೆ! ನಿಮ್ಮವ್ವನ ಮುಖ ನೋಡಿ ತಗಂಡೆ."

ನಾನು ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಪೆಟ್ಟಿಗೆ ಇಳಿಸಿಕೊಂಡು, ಬದಲಿಗೆ ನಮ್ಮ ಎಣ್ಣೆ ಕೊಟ್ಟು, 'ನಮ್ಮ ಮಾಲು ವಾಪಸ್ ಪಡೆದಿದ್ದೇವೆ' ಎಂದು ರಸೀದಿ ಬರೆದು ಸಹಿ ಹಾಕಿದರು. ಕೊಬ್ಬರಿ ವ್ಯಾಪಾರದ ಹಳೆಯ ಮರ್ಯಾದೆ ಅದು. ಚೀಲದ ಮೇಲೆ ನಮ್ಮ ಮಾರ್ಕಿದ್ದರೆ ಹುಳ ಬಿದ್ದ ಮಾಲನ್ನೂ ಮರುಮಾತಿಲ್ಲದೆ ವಾಪಸ್ ತೆಗೆದುಕೊಳ್ಳಬೇಕು.

"ಅಪ್ಪಾ, ಇದು ಕಳ್ಳಮಾಲು!" ಎಂದು ಕೂಗಾಡಿದೆ.

"ಗೊತ್ತು ಕಣವ್ವ. ಅವ್ವನ ಮುಖ ನಂಬಿ ಬಂದೋರ್ಗೆ ಇಲ್ಲ ಅನ್ನಕ್ಕಾಯ್ತದಾ?"

ಆಮೇಲೆ ಬೇಲೂರಿನಿಂದ ಬಂದರು, ಗೆಂಡೆಹಳ್ಳಿಯಿಂದ ಬಂದರು. ಎಲ್ಲರಿಗೂ ಒಳ್ಳೆಯ ಎಣ್ಣೆ, ಎಲ್ಲರಿಗೂ ಅದೇ ರಸೀದಿ.

ಕೊನೆಗೆ ಆ ವೆಬ್‌ಸೈಟ್ ಮುಚ್ಚಿಸಲು ಲಾಯರಿಂದ ನೋಟಿಸ್ ಕೊಡಿಸಿದೆವು. ಆ ಕಳ್ಳರಿಂದ ಬಂದ ಉತ್ತರದ ಜೊತೆ ಅಪ್ಪನದೇ ರಸೀದಿಯ ಜೆರಾಕ್ಸ್ ಇತ್ತು. ಯಾವ ಅಂಗಡಿಯಿಂದ ಗಿಟ್ಟಿಸಿಕೊಂಡಿದ್ದರೋ!

"ಮಾಲು ನಮ್ದೇ ಅಂತ ನೀವೇ ಸಹಿ ಹಾಕಿದೀರಲ್ಲ ಯಜಮಾನ್ರೇ," ಎಂದರು ಲಾಯರ್. "ರಿಜಿಸ್ಟ್ರೇಷನ್ನೂ ಇಲ್ಲ. ನಾನೇನಂತ ವಾದ ಮಾಡ್ಲಿ?"

ಅಪ್ಪ ಆ ಜೆರಾಕ್ಸನ್ನು ಮಡಚಿ ಜೇಬಿಗಿಟ್ಟುಕೊಂಡು ಎದ್ದರು. ಅವರ ಮೇಲೆ ಸಿಟ್ಟು, ಆ ಚಿತ್ರ ಹಾಕಿದ ನನ್ನ ಕೈಗಳ ಮೇಲೆ ಇನ್ನೂ ಸಿಟ್ಟು. ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿ ಅತ್ತೆ.

ಮನೆಗೆ ಬಂದು ಅಪ್ಪ ಗೋದಾಮಿನಲ್ಲಿದ್ದ ನಮ್ಮ ಸೀಸೆಗಳನ್ನೆಲ್ಲ ನೀರಿನ ತೊಟ್ಟಿಗೆ ಇಳಿಸಿದರು. ಲೇಬಲ್‌ಗಳು ನೆನೆದ ಮೇಲೆ ಒಂದೊಂದನ್ನೇ ಬಿಡಿಸತೊಡಗಿದರು. ನಾನೂ ಕೂತು ಸಿಟ್ಟಿನಲ್ಲಿ ಪರಪರ ಕೆರೆಯುತ್ತಿದ್ದೆ.

"ಮೆಲ್ಲಗೆ ಕಣವ್ವ," ಎಂದರು. "ಮುಖ ಹರೀಬ್ಯಾಡ."