ಟೀಚರ್ ತಿಂದ ಉಪ್ಪಿಟ್ಟು

ಗುಜರಾತಿನ ಮಂಜಲ್‌ಪುರದ ನಮ್ಮ ಉಡುಪಿ ಹೋಟೆಲಿಗೆ ಪ್ರತಿ ಶನಿವಾರ ಮಗಳ ಎರಡನೇ ಕ್ಲಾಸಿನ ಟೀಚರ್ ಬರುತ್ತಿದ್ದರು. ಕನ್ನಡಕವನ್ನು ಹಣೆಗೇರಿಸಿ ಕೂತು ಎರಡು ಇಡ್ಲಿ, ಒಂದು ಚಹಾ ಹೇಳುವರು. ಉಪ್ಪಿಟ್ಟು ಅಂದರೆ ಮಾತ್ರ ಮುಖ ಸಿಂಡರಿಸುವರು. ಯಾರು ಏನೇ ಕೇಳಲಿ, ಅವರದು ಒಂದೇ ಮಾತು: "ಉತಾವಳ್ ನಥಿ." ಅವಸರವೇನಿಲ್ಲ.

ಗೋಡೆಯ ಗುಜರಾತಿ ತಿಂಡಿ ಬೋರ್ಡನ್ನು ಮಗಳು ಮೇಲಿನಿಂದ ಕೆಳಗೆ ಪಟಪಟನೆ ಓದುತ್ತಾಳೆಂದು ನನಗೆ ಭಾರೀ ಹೆಮ್ಮೆ. ಒಂದು ಶನಿವಾರ ಟೀಚರ್ ಮುಂದೆಯೂ ಓದಿಸಿದೆ. ಅವರು ನಕ್ಕು, "ಈಗ ನಡುವಿನದು ಯಾವುದಾದರೂ ಒಂದು ಓದು. ಅದನ್ನೇ ತಿನ್ನುತ್ತೇನೆ" ಅಂದರು.

ಮಗಳು ನಡುವಿನಿಂದ ಓದಲಾರದೆ ತಡಬಡಾಯಿಸಿದಳು. ಸಪ್ಲೈಯರ್‌ಗಳು ದಿನವಿಡೀ ಹೇಳುವ ಪಟ್ಟಿ ಅವಳಿಗೆ ಬಾಯಿಪಾಠವಾಗಿತ್ತು, ಅಷ್ಟೆ. ಕಸಿವಿಸಿಯಾಗಿ ನಾನೇ ಹೇಳಿಕೊಡಲು ಹೋದೆ. ಟೀಚರ್ ನನ್ನತ್ತ ಅಂಗೈ ಎತ್ತಿ ತಡೆದರು.

"ಉತಾವಳ್ ನಥಿ."

ಚಹಾ ಆರಿತು. ಮಗಳು ಒಂದೊಂದೇ ಅಕ್ಷರ ಕೂಡಿಸಿದಳು. "ಉ... ಪ... ಮಾ. ಉಪಮಾ!" ಅಂದರೆ ನಮ್ಮ ಉಪ್ಪಿಟ್ಟು.

"ಟೀಚರ್, ಇಡ್ಲಿಯೇ ತರಿಸ್ತೇನೆ" ಅಂದೆ. ಅವರು ನನ್ನನ್ನು ದುರುಗುಟ್ಟಿ ನೋಡಿದರು.

ಉಪ್ಪಿಟ್ಟು ಬಂತು. ಒಂದಗುಳೂ ಬಿಡದೆ ತಿಂದರು. ತಾನು ಓದಿದ್ದನ್ನು ಟೀಚರ್ ತಿನ್ನುವುದನ್ನು ಮಗಳು ಕೊನೆಯ ತುತ್ತಿನವರೆಗೂ ಕದಲದೆ ನಿಂತು ನೋಡಿದಳು.