ಎದುರುಮನೆಯ ಅಕ್ಕನ ಗಾಳಿಬಂದೂಕು

ಕಳೆದ ವಾರ ಬೀರುವಿನ ತಳದ ಖಾನೆ ಖಾಲಿ ಮಾಡುವಾಗ, ಹಳೆಯ ವರ್ಗಾವಣೆ ಕಾಗದಗಳ ಅಡಿಯಲ್ಲಿ ಒಂದು ದುಂಡನೆಯ ತಗಡಿನ ಡಬ್ಬಿ ಸಿಕ್ಕಿತು. ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಚಿಕ್ಕದು, ಆದರೆ ಗಾತ್ರಕ್ಕೆ ಮೀರಿದ ಭಾರ. ಮುಚ್ಚಳ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಚಮಚದ ತುದಿಯಿಂದ ಎಬ್ಬಿಸಿದೆ. ಒಳಗೆ ನಡು ಸಣ್ಣಗಿದ್ದ ಸೀಸದ ಗುಂಡುಗಳು ಮಾಸಿ ಬೂದಿಬಣ್ಣಕ್ಕೆ ತಿರುಗಿದ್ದವು. ಸೀಸಕ್ಕೆ ಯಂತ್ರದ ಎಣ್ಣೆ ಬೆರೆತ ಆ ವಾಸನೆ... ಮೂಗಿಗೆ ತಗುಲಿದ್ದೇ ತಡ, ಚಳ್ಳಕೆರೆಯ ಎದುರುಮನೆಯ ಅಕ್ಕ ಬಂದು ಮುಂದೆ ನಿಂತ ಹಾಗಾಯಿತು.

ಆಗ ನಾನು ನನ್ನಿವಾಳದ ಶಾಲೆಯಲ್ಲಿ ಟೀಚರಾಗಿದ್ದೆ. ಚಳ್ಳಕೆರೆಯಲ್ಲಿ ಒಂದು ಪುಟ್ಟ ಮನೆ ಬಾಡಿಗೆಗೆ ಹಿಡಿದಿದ್ದೆ. ಎದುರಿಗೆ ಶೇಂಗಾ ಎಣ್ಣೆ ಗಿರಣಿಯವರ ಮನೆ. ಅಕ್ಕನ ಅಣ್ಣ, ಅತ್ತಿಗೆ, ಅವರ ಜೊತೆ ಅಕ್ಕ. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಗಟ್ಟಿ ನಡಿಗೆ, ಕಡಿಮೆ ಮಾತು. ನನಗಿಂತ ಆರೇಳು ವರ್ಷ ದೊಡ್ಡವಳು. ಗಿರಣಿಯ ಯಂತ್ರಗಳನ್ನೆಲ್ಲ ಅವಳೇ ನೋಡಿಕೊಳ್ಳುತ್ತಿದ್ದಳಂತೆ. ಯಾವ ಬೇರಿಂಗು ಸವೆದಿದೆ, ಯಾವ ವಾಷರು ಗಾಳಿ ಬಿಡುತ್ತಿದೆ ಎಂದು ಸದ್ದು ಕೇಳಿಯೇ ಹೇಳುತ್ತಿದ್ದಳಂತೆ. ಒಂದು ದಿನ ಕಾಯಿ ಸುಲಿಯುವ ಯಂತ್ರದ ತಿರುಗುವ ಬೆಲ್ಟಿನ ಪಟ್ಟಕ್ಕೆ ಸೆರಗು ಸಿಕ್ಕಿ, ಸೆರಗಿನ ಹಿಂದೆ ಬಲಗೈ ಹೋಯಿತು. ಕೈ ಉಳಿಯಿತು, ಆದರೆ ಮೊಣಕೈಯಿಂದ ಕೆಳಗೆ ಬಲವಿಲ್ಲ. ಬೆರಳುಗಳು ಒಂದು ಲೋಟವನ್ನೂ ಹಿಡಿಯಲಾರವು. ಆಮೇಲೆ ಅವಳ ಮದುವೆಯ ಮಾತು ನಿಂತಿತು. ಅಣ್ಣ ಅವಳನ್ನು ಗಿರಣಿಯೊಳಕ್ಕೆ ಬಿಡುವುದನ್ನೂ ನಿಲ್ಲಿಸಿದ. ತಂಗಿಯ ಮೇಲೆ ಅವನಿಗೆ ಪ್ರಾಣ. ಅವಳು ಎದ್ದರೆ ಕುರ್ಚಿ ಎಳೆದುಕೊಡುವುದು, ತಟ್ಟೆಯ ರೊಟ್ಟಿಯನ್ನು ತಾನೇ ಮುರಿದಿಡುವುದು. ಅಕ್ಕ ಆ ಮುರಿದ ರೊಟ್ಟಿಯನ್ನು ತಿನ್ನುವಾಗ ಮುಖ ಎತ್ತುತ್ತಿರಲಿಲ್ಲ.

ಮೊಳಕಾಲ್ಮೂರಿನ ಸುಬೇದಾರರು ಹಿಂಡಿ ಒಯ್ಯಲು ಗಿರಣಿಗೆ ಬರುತ್ತಿದ್ದರು. ಮಿಲಿಟರಿಯಿಂದ ನಿವೃತ್ತರಾಗಿ, ಸಿದ್ದಾಪುರದ ದಿಕ್ಕಿಗೆ ಬಂಡೆಗುಡ್ಡದ ಬುಡದಲ್ಲಿದ್ದ ತಮ್ಮ ಹೊಲದ ಒಂದು ಮೂಲೆಯಲ್ಲಿ ಗುರಿ ಹೊಡೆಯುವ ಜಾಗ ಮಾಡಿಕೊಂಡಿದ್ದರು. ಮನೆಮಾತು ತೆಲುಗು, ವ್ಯವಹಾರ ಕನ್ನಡ. ಅಕ್ಕ ಕಾಲೇಜಿನಲ್ಲಿದ್ದಾಗ ಎನ್‌ಸಿಸಿಯಲ್ಲಿ ರೈಫಲ್ ಹೊಡೆದಿದ್ದಳೆಂದು ಮಾತಿನ ನಡುವೆ ಅವರಿಗೆ ತಿಳಿಯಿತು.

"ಬೇಸಿಗೆ ರಜೆಯಲ್ಲಿ ನಮ್ಮಲ್ಲಿ ಒಂದು ಪಂದ್ಯ ಐತಮ್ಮಾ," ಎಂದರು. "ಬಳ್ಳಾರಿ, ದುರ್ಗದಿಂದ ಬರ್ತಾರೆ. ಕುಂತ್ಕಂಡು ಹೊಡಿಯೋದು. ಬಂದೂಕದ ಮೂತಿ ಮರಳಿನ ಚೀಲದ ಮ್ಯಾಲೆ. ಐದು ತಗಡು ಬೀಳಿಸಾಕೆ ನಲವತ್ತು ಸೆಕೆಂಡು."

ಅಕ್ಕ ಮರುದಿನ ನಮ್ಮ ಮನೆಗೆ ಬಂದು, "ಭಾನುವಾರ ಬಳ್ಳಾರಿ ಬಸ್ಸಿಗೆ ಸುಬೇದಾರ್ರ ಹೊಲಕ್ಕೆ ಬಂದೂಕ ನೋಡಾಕೆ ಹೋಗಣ, ಬರ್ತೀಯಾ?" ಎಂದಳು. ಅಣ್ಣನಿಗೆ ಹೇಳಿದ್ದೀಯಾ ಎಂದು ಕೇಳಿದೆ. "ಹೇಳ್ದೆ. ಬ್ಯಾಡ ಅಂದ. ಅದಕ್ಕೇ ನಿನ್ನ ಕರೀತಿರೋದು," ಎಂದಳು.

ನಾನು ಅಲ್ಲಿಯವರೆಗೆ ಜಾತ್ರೆಯ ಬಲೂನು ಹೊಡೆಯುವ ಬಂದೂಕು ಮಾತ್ರ ನೋಡಿದ್ದವಳು. ಅದರಲ್ಲಿ ಪ್ರತಿ ಗುಂಡಿಗೂ ನಳಿಕೆಯನ್ನು ಮಡಿಚಿ, ಒಳಗಿನ ಸ್ಪ್ರಿಂಗು ಅದುಮಬೇಕು. ಅದಕ್ಕೆ ಎರಡು ಗಟ್ಟಿ ಕೈ ಬೇಕು. ಸುಬೇದಾರರು ಮೇಜಿನ ಮೇಲಿಟ್ಟ ಎರಡು ಬಂದೂಕುಗಳು ಬೇರೆಯ ಜಾತಿಯವು. ನಳಿಕೆಯ ಕೆಳಗೆ ಒಂದು ಸಿಲಿಂಡರು. ಅದಕ್ಕೆ ಮೊದಲೇ ಪಂಪಿನಿಂದ ಗಾಳಿ ತುಂಬಿಟ್ಟರೆ ಸಾಕು, ಗುಂಡಿನ ಚಕ್ರ ಸಿಕ್ಕಿಸಿ ಒಂದಾದ ಮೇಲೊಂದು ಹೊಡೆಯಬಹುದು. ಪರಿಚಯದವರೊಬ್ಬರು ಎರಡನ್ನೂ ಮಾರಲು ಅವರ ಬಳಿ ಬಿಟ್ಟಿದ್ದರು.

ದೊಡ್ಡದು ನೋಡುವುದಕ್ಕೇ ಚೆಂದ. ಚಕ್ರಕ್ಕೆ ಹತ್ತು ಗುಂಡು, ಒಮ್ಮೆ ತುಂಬಿದರೆ ನಲವತ್ತು ಹೊಡೆತ. ಮುಂದಿನ ಗುಂಡು ಏರಿಸುವ ಲಿವರನ್ನು ಎಡಕ್ಕೂ ಹಾಕಿಕೊಳ್ಳಬಹುದು, ಬೆಣ್ಣೆಯಂತೆ ಸರಿಯುತ್ತಿತ್ತು. ಚಿಕ್ಕದು ಹಳೆಯದು. ಚಕ್ರಕ್ಕೆ ಎಂಟು, ಒಮ್ಮೆ ಗಾಳಿ ತುಂಬಿದರೆ ಹದಿನಾರು. ಅದರಲ್ಲಿ ಗುಂಡು ಏರಿಸುವ ಬೋಲ್ಟು ಬಿಗಿ, ಅದೂ ಬಲಗಡೆ. ಎಡಗೈಯಲ್ಲಿ ಹೊಡೆಯುವ ಅಕ್ಕ ಗುಂಡು ಹಾರಿಸುವ ಕುದುರೆಯಿಂದ ಬೆರಳು ತೆಗೆದು, ಬಂದೂಕಿನ ಮೇಲಿಂದ ಕೈ ದಾಟಿಸಿ ಬೋಲ್ಟು ಎಳೆಯಬೇಕು.

"ದೊಡ್ಡದು ತಗೊಳ್ಳಿ ಅಮ್ಮಾ. ಇಂಕೇಂ ಕಾವಾಲಿ?" ಇನ್ನೇನು ಬೇಕು ಎಂದು ಸುಬೇದಾರರು ನಕ್ಕರು. ನನಗೂ ಹಾಗೇ ಅನ್ನಿಸಿತು.

ಅಕ್ಕ ಪಂಪು ಕೇಳಿದಳು. ಸೈಕಲ್ ಪಂಪಿನಂತೆಯೇ ನಿಲ್ಲಿಸಿ ಒತ್ತುವ ಪಂಪು, ಆದರೆ ಲಾರಿ ಚಕ್ರಕ್ಕೆ ಹಾಕುವ ಗಾಳಿಗಿಂತ ಎಷ್ಟೋ ಪಟ್ಟು ಒತ್ತಡ ಏರಬೇಕು. ಅಡಿಯ ಪಟ್ಟಿಯ ಮೇಲೆ ಎರಡೂ ಕಾಲಿಟ್ಟು, ಎಡಗೈಯಿಂದ ಹಿಡಿಕೆಯನ್ನು ಮೇಲೆಳೆದು, ಎದೆಯನ್ನೇ ಅದರ ಮೇಲೆ ಹಾಕಿ ಕೆಳಗೆ ಒತ್ತಿದಳು. ಒತ್ತಡ ತೋರಿಸುವ ಮುಳ್ಳು ನಿಧಾನಕ್ಕೆ ನೂರಕ್ಕೆ ಬಂತು, ನೂರೈವತ್ತಕ್ಕೆ ಬಂತು. ಅಲ್ಲಿಂದಾಚೆಗೆ ಹಿಡಿಕೆ ಕಲ್ಲಿನಂತೆ ನಿಂತಿತು. ದೊಡ್ಡ ಬಂದೂಕಿಗೆ ಇನ್ನೂರು ಬೇಕಿತ್ತು. ಚಿಕ್ಕದು ನೂರೈವತ್ತಕ್ಕೇ ತುಂಬುತ್ತಿತ್ತು.

ಅಕ್ಕ ಬೆವರು ಒರೆಸಿಕೊಂಡು, "ಚಿಕ್ಕದೇ ಇರಲಿ," ಎಂದಳು.

"ಗಾಳಿ ತುಂಬಾಕೆ ನಾನಿಲ್ವೇನಮ್ಮಾ? ನಿಮ್ಮಣ್ಣನ ಗಿರಣೀಲಿ ಆಳುಗಳಿಲ್ವಾ?"

"ಅವರು ಬರೋ ಹೊತ್ತಿಗೆ ಕಾದು ನಾನು ಗುರಿ ಇಡಬೇಕೇನ್ರಿ?"

ಎರಡು ವಾರ ಬಿಟ್ಟು ಬಂದು ಒಯ್ಯುತ್ತೇನೆಂದು ಹೇಳಿ ಹೊರಗೆ ನಡೆದಳು. ನಾನು ಹಿಂದೆ ಉಳಿದೆ. ಈಗ ಹೇಳಬೇಕಾದ್ದು ನನಗೆ ಹೇಳಲು ಇಷ್ಟವಿಲ್ಲದ ಮಾತು... ನಾನು ಸುಬೇದಾರರ ಹತ್ತಿರ ಹೋಗಿ ತಗ್ಗಿದ ದನಿಯಲ್ಲಿ, "ಚಿಕ್ಕದು ಮಾರಿಹೋಯ್ತು ಅಂದುಬಿಡಿ. ಅವಳಿಗೆ ಸುಲಭವಾದದ್ದು ಸಿಗಲಿ," ಎಂದೆ. ಅವರು ಸ್ವಲ್ಪ ಯೋಚಿಸಿ, "ಸರೇ," ಎಂದರು. ಅಕ್ಕನಿಗೆ ಒಳ್ಳೆಯದು ಮಾಡಿದೆ ಎಂಬ ಖುಷಿಯಲ್ಲೇ ನಾನು ಬಸ್ಸು ಹತ್ತಿದ್ದು.

ಎರಡು ವಾರ ಕಳೆದು ಹೋದಾಗ ಸುಬೇದಾರರು ನಾನು ಹೇಳಿಕೊಟ್ಟಂತೆಯೇ ಹೇಳಿದರು. ಅಕ್ಕ ದೊಡ್ಡದರ ಕಡೆ ತಿರುಗಿಯೂ ನೋಡಲಿಲ್ಲ.

"ಯಾರು ತಗಂಡ್ರು ಹೇಳ್ರಿ. ನಾನೇ ಹೋಗಿ ಕೇಳ್ತೀನಿ. ಅದ್ರ ಬದ್ಲಿಗೆ ಈ ದೊಡ್ಡದು ತಗಂತಾರೇನೋ."

ಸುಬೇದಾರರು ಬಾಯಿ ತೆರೆದರು. ಹೆಸರು ಹೊರಡಲಿಲ್ಲ. ಅವರ ಕಣ್ಣು ನನ್ನ ಕಡೆ ಬಂತು. ನಾನು ನೆಲ ನೋಡಿದೆ. ಅಷ್ಟು ಸಾಕಾಯಿತು. ಅವರು ಒಳಗೆ ಹೋಗಿ, ಹಳೆಯ ಕಂಬಳಿಯಲ್ಲಿ ಸುತ್ತಿಟ್ಟಿದ್ದ ಚಿಕ್ಕ ಬಂದೂಕನ್ನು ತಂದು ಮೇಜಿನ ಮೇಲಿಟ್ಟು, "ತಪ್ಪಾಯ್ತಮ್ಮಾ," ಎಂದರು.

ಬಸ್ಸಿನಲ್ಲಿ ಅಕ್ಕ ಕೊಂಡ ಬಂದೂಕು, ಪಂಪು ಕಾಲಬಳಿ ಇಟ್ಟುಕೊಂಡು ಕಿಟಕಿಯ ಪಕ್ಕ ಕೂತಳು. ದಾರಿಯಲ್ಲಿ ಹಾನಗಲ್ ದಾಟಿತು. ಆಮೇಲೆ ಹೊರಗೆ ನೋಡುತ್ತಲೇ ಹೇಳಿದಳು. "ನನ್ನ ಒಂದು ಕೈ ಹೋಗೈತೆ. ಬುದ್ಧಿನೂ ಅದರ ಜೊತಿಗೆ ಹೋಗೈತೆ ಅನ್ಕಂಡಿದ್ದೀಯಾ?"

"ನಿನ್ನ ಒಳ್ಳೇದಕ್ಕೇ ಅಕ್ಕಾ..."

"ಅಣ್ಣನೂ ಇದನ್ನೇ ಅಂತಾನೆ. ನೀನು ಹಂಗಲ್ಲ ಅನ್ಕಂಡಿದ್ದೆ."

ಅದಾದ ಮೇಲೆ ಅವಳು ನಮ್ಮ ಮನೆಗೆ ಬರುವುದನ್ನು ಬಿಟ್ಟಳು. ದಿನಾ ಬೆಳಿಗ್ಗೆ ನಾನು ಶಾಲೆಗೆ ಹೊರಡುವಾಗ ಎದುರುಮನೆಯ ಹಿತ್ತಲಿನಿಂದ ಪಂಪಿನ ಸದ್ದು ಕೇಳುತ್ತಿತ್ತು, ಉಸಿರು ಎಳೆದು ಬಿಟ್ಟಂತೆ. ಅದರ ಹಿಂದೆ ತಗಡಿಗೆ ಗುಂಡು ಬಡಿಯುವ ಟಣ್ ಎಂಬ ಸದ್ದು. ಮೊದಮೊದಲು ಒಂದು ಟಣ್ಣಿಗೂ ಇನ್ನೊಂದಕ್ಕೂ ನಡುವೆ ನಾನು ಜಡೆ ಹೆಣೆದು ಮುಗಿಸಬಹುದಿತ್ತು. ಮೂರು ವಾರ ತಡೆದುಕೊಂಡೆ. ಒಂದು ಸಂಜೆ ಗೇಟು ತೆಗೆದು ಒಳಗೆ ಹೋಗಿ, "ನಾನು ಮಾಡಿದ್ದು ತಪ್ಪು. ನಿನ್ನ ಕೇಳಬೇಕಿತ್ತು," ಎಂದೆ.

ಅಕ್ಕ ಬಂದೂಕಿನಿಂದ ತಲೆ ಎತ್ತಿ ನನ್ನನ್ನು ನೋಡಿದಳು. ಆಮೇಲೆ ಸೊಂಟದಿಂದ ಒಂದು ಗಡಿಯಾರ ತೆಗೆದು ಕೊಟ್ಟಳು. "ಸೆಕೆಂಡು ಎಣಿಸು. ಸುಳ್ಳು ಎಣಿಸಬ್ಯಾಡ," ಎಂದಳು.

ಎಣಿಸಿದೆ. ಐದು ಹೊಡೆತಕ್ಕೆ ಎಪ್ಪತ್ತೊಂದು. ಬೋಲ್ಟು ಎಳೆದಾಗ ಬಂದೂಕೇ ಹೊರಳುತ್ತಿತ್ತು, ಹಿಡಿದುಕೊಳ್ಳಲು ಇನ್ನೊಂದು ಕೈ ಇಲ್ಲವಲ್ಲ. ಅದಕ್ಕೆ ಅವಳು ಬಲ ಮೊಣಕೈಯಿಂದ ಬಂದೂಕಿನ ಹಿಂಭಾಗವನ್ನು ಅದುಮಿ ಹಿಡಿಯುವುದನ್ನು ಕಲಿತಳು. ಮೊಣಕೈವರೆಗಿನ ತೋಳು ಅವಳ ಮಾತು ಕೇಳುತ್ತಿತ್ತು. ಗುಂಡಿನ ಚಕ್ರವನ್ನು ಮಂಡಿಗಳ ನಡುವೆ ಇಟ್ಟುಕೊಂಡು ತುಂಬುತ್ತಿದ್ದಳು. ಎದೆಯ ಮೇಲೆ ಪಂಪಿನ ಹಿಡಿಕೆ ಒತ್ತಿ ಕಂದುಗಟ್ಟಿದ ಮೇಲೆ, ಹಳೆಯ ಸೈಕಲ್ಲಿನ ಸೀಟು ಬಿಚ್ಚಿ ಫಿಟ್ಟರನ ಹತ್ತಿರ ಹಿಡಿಕೆಗೆ ಕೂರಿಸಿಕೊಂಡು ಬಂದಳು. ಬೋಲ್ಟಿನ ಗುಂಡಿಯನ್ನೂ ತಾನೇ ಬಿಚ್ಚಿ, ಅರದಿಂದ ತೀಡಿ ಎಣ್ಣೆ ಬಿಟ್ಟಳು. ಎಪ್ಪತ್ತೊಂದು ಅರವತ್ತಾಯಿತು, ಐವತ್ತಾಯಿತು. ನಲವತ್ತೆಂಟಕ್ಕೆ ಬಂದು ಹನ್ನೆರಡು ದಿನ ಅಲ್ಲೇ ನಿಂತಿತು. ಹದಿಮೂರನೆಯ ದಿನವೂ ಅವಳು ಬೆಳಿಗ್ಗೆ ಪಂಪಿನ ಮೇಲೆ ಎದೆ ಹಾಕಿದಳು. ಇಳಿಯುತ್ತದೆ ಎಂದು ನಾನು ಹೇಳಲಿಲ್ಲ. ನನ್ನಿಂದ ಅವಳಿಗೆ ಬೇಕಿದ್ದದ್ದು ಸೆಕೆಂಡು ಮಾತ್ರ.

ಪಂದ್ಯದ ಭಾನುವಾರ ಬಂಡೆಗುಡ್ಡದ ಬುಡದಲ್ಲಿ ಬೆಳಗಿನ ಬಿಸಿಲಿಗೇ ಕಲ್ಲು ಕಾದಿದ್ದವು. ಹನ್ನೊಂದು ಜನ, ಅವಳೊಬ್ಬಳೇ ಹೆಂಗಸು. ಮೂರು ಸುತ್ತು, ಒಟ್ಟು ಹದಿನೈದು ತಗಡು. ಬಳ್ಳಾರಿಯಿಂದ ಬಂದಿದ್ದ ತೀರ್ಪುಗಾರರು ಅವಳ ಕೈ ನೋಡಿ, ಒಳ್ಳೆಯ ಮನಸ್ಸಿನಿಂದಲೇ, "ನಿಮಗೆ ಹತ್ತು ಸೆಕೆಂಡು ಜಾಸ್ತಿ ಕೊಡ್ತೀವಮ್ಮಾ," ಎಂದರು.

"ಎಲ್ಲರಿಗೂ ಕೊಡ್ತೀರೇನ್ರಿ?"

"ಇಲ್ಲ, ನಿಮಗೆ ಮಾತ್ರ."

"ಹಂಗಾದ್ರೆ ನಂಗೂ ಬ್ಯಾಡ್ರಿ."

ಮೊದಲ ಸುತ್ತಿನಲ್ಲಿ ನಾಲ್ಕು ತಗಡು ಬಿದ್ದವು. ಐದನೆಯದಕ್ಕೆ ಗುರಿ ಇಡುವಷ್ಟರಲ್ಲಿ ಸೀಟಿ ಊದಿದರು. ಎರಡನೆಯದರಲ್ಲಿ ಬೋಲ್ಟು ಅರ್ಧಕ್ಕೆ ಸಿಕ್ಕಿಕೊಂಡಿತು. ಮೂರೇ ಬಿದ್ದವು. ಪಕ್ಕದ ಮೇಜಿನವರ ಬಳಿ ಅಂಥದ್ದೇ ದೊಡ್ಡ ಬಂದೂಕಿತ್ತು, ಅವರ ಎರಡೂ ಸುತ್ತಿನಲ್ಲಿ ಐದಕ್ಕೆ ಐದು. ನಾನು ಅದನ್ನು ನೋಡಿದ್ದನ್ನು ಅಕ್ಕ ನೋಡಿದಳು.

ಅಭ್ಯಾಸದ ಹೊಡೆತವೂ ಸೇರಿ ಸಿಲಿಂಡರಿನ ಗಾಳಿ ಮುಗಿಯುತ್ತ ಬಂದಿತ್ತು. ಮೂರನೆಯ ಸುತ್ತಿಗೆ ಮುಂಚೆ ತುಂಬಲೇಬೇಕು. ಅಕ್ಕ ಪಂಪನ್ನು ಎಲ್ಲರ ನಡುವೆ ನಿಲ್ಲಿಸಿ ಸೈಕಲ್ ಸೀಟಿನ ಮೇಲೆ ಎದೆಯಿಟ್ಟಳು. ಮಾತಾಡುತ್ತಿದ್ದವರು ನಿಲ್ಲಿಸಿ ನೋಡತೊಡಗಿದರು. ಆಗ ಹಿಂದಿನಿಂದ ಯಾರೋ ದಾಪುಗಾಲು ಹಾಕುತ್ತ ಬಂದರು. ನೋಡಿದರೆ ಅವಳ ಅಣ್ಣ. ಬರುವುದಿಲ್ಲ ಎಂದವನು ಯಾವಾಗ ಬಂದಿದ್ದನೋ, ಬೇಲಿಯ ಬಳಿಯೇ ನಿಂತಿದ್ದನಂತೆ. "ಬಿಡವ್ವ, ನಾನು ಹಾಕ್ತೀನಿ," ಎಂದು ಹಿಡಿಕೆಗೆ ಕೈ ಚಾಚಿದ. ಅವನ ಕಣ್ಣು ತುಂಬಿತ್ತು.

ಅಕ್ಕ ತಲೆ ಎತ್ತಲಿಲ್ಲ. "ನಿಂತ್ಕಂಡು ಮುಳ್ಳು ನೋಡಣ್ಣಾ," ಎಂದಳು. "ನೂರೈವತ್ತಕ್ಕೆ ಬಂದಾಗ ಹೇಳು. ನಂಗೆ ಬಗ್ಗಿದಾಗ ಕಾಣಾಕಿಲ್ಲ."

ಅವನು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದ. ಆಮೇಲೆ ಪಂಚೆ ಎತ್ತಿ ಕಟ್ಟಿ, ಆ ಕೆಂಪು ಮಣ್ಣಿನಲ್ಲಿ ಕುಕ್ಕುರುಗಾಲಲ್ಲಿ ಕೂತು, ಓದುವ ಕನ್ನಡಕ ಹಾಕಿಕೊಂಡು ಮುಳ್ಳು ನೋಡತೊಡಗಿದ. "ನೂರಿಪ್ಪತ್ತು... ಮೂವತ್ತು... ಇನ್ನೊಂದೀಟು... ಆತವ್ವ, ಆತು."

ಮೂರನೆಯ ಸುತ್ತಿನಲ್ಲಿ ಐದೂ ಬಿದ್ದವು. ಕೊನೆಯ ತಗಡು ಬಿದ್ದಾಗ ನನ್ನ ಕೈಯ ಗಡಿಯಾರದಲ್ಲಿ ಮೂವತ್ತೊಂಬತ್ತು. ಹದಿನೈದರಲ್ಲಿ ಹನ್ನೆರಡು, ಹನ್ನೊಂದು ಜನರಲ್ಲಿ ಅವಳು ಐದನೆಯವಳು. ಬಹುಮಾನ ಮೂವರಿಗೆ ಮಾತ್ರ. ಬಸ್ಸಿಗೆ ಕಾಯುವಾಗ ನಾನು, "ದೊಡ್ಡದಿದ್ದಿದ್ದರೆ..." ಎಂದು ಶುರುಮಾಡಿ ನಾಲಿಗೆ ಕಚ್ಚಿಕೊಂಡೆ.

"ಗೆಲ್ತಿದ್ದೆ," ಎಂದಳು ಅಕ್ಕ ನೆಮ್ಮದಿಯಾಗಿ. "ಗೊತ್ತೈತೆ. ಮುಂದಿನ ಸಲ ಇದರಲ್ಲೇ ಗೆಲ್ತೀನಿ."

ಮುಂದಿನ ವರ್ಷ ನಾಲ್ಕನೆಯವಳಾದಳು, ಅದರ ಮುಂದಿನ ವರ್ಷ ಎರಡನೆಯವಳು. ಮೊದಲನೆಯವಳಾಗಲೇ ಇಲ್ಲ. ಆದರೆ ಆ ಬೇಸಿಗೆ ಮುಗಿಯುವುದರೊಳಗೆ ಅವಳು ಮತ್ತೆ ಗಿರಣಿಯೊಳಗೆ ಓಡಾಡತೊಡಗಿದ್ದಳು. ಸುಲಿಯುವ ಯಂತ್ರದ ಪಟ್ಟಕ್ಕೆ ತಗಡಿನ ಮರೆ ಹಾಕಿಸಿದ್ದೂ ಅವಳೇ. ಅಣ್ಣ ರೊಟ್ಟಿ ಮುರಿದಿಡುವುದನ್ನು ಬಿಟ್ಟಿದ್ದ.

ನನಗೆ ಮೊಳಕಾಲ್ಮೂರಿಗೆ ವರ್ಗವಾಯಿತು. ಸಾಮಾನಿನ ಜೊತೆ ಅವಳ ಗುಂಡಿನ ಡಬ್ಬಿಯೊಂದೂ ಬಂದುಬಿಟ್ಟಿತ್ತು. ಮೊದಲು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ... ಹೀಗೆ ಭೇಟಿ ತೆಳುವಾಗುತ್ತ ಹೋಯಿತು. ಅವಳಿಗೆ ಕಾಯಿಲೆ ಎಂದು ತಿಳಿದು ಹೋದಾಗ ಆಗಲೇ ಹಾಸಿಗೆ ಹಿಡಿದಿದ್ದಳು, ಎಡಗೈಯೂ ನಡುಗುತ್ತಿತ್ತು. ಬಂದೂಕನ್ನು ತಾನೇ ಒರೆಸಿ ಎಣ್ಣೆ ಹಾಕಿ ಸುಬೇದಾರರಿಗೆ ಕಳಿಸಿದ್ದಾಗಿ ಹೇಳಿದಳು. ಅತ್ತಿಗೆ ಗಂಜಿಯ ಲೋಟ ತಂದಿಟ್ಟು ಒಳಗೆ ಹೋದರು. ಅಕ್ಕ ಲೋಟ ನೋಡಿದಳು. ನನ್ನ ಕೈ ತಾನಾಗಿಯೇ ಮುಂದಕ್ಕೆ ಹೋಯಿತು, ನಡುವೆ ತಡೆದುಕೊಂಡೆ.

"ಹಿಡ್ಕಳ್ಲಾ ಅಕ್ಕಾ?"

ಅವಳು ಸ್ವಲ್ಪ ಹೊತ್ತು ಯೋಚಿಸಿದಳು, ಯಾವುದೋ ಲೆಕ್ಕ ಹಾಕುವವಳಂತೆ. "ಹೂಂ," ಎಂದಳು. "ಇವತ್ತು ಹಿಡ್ಕೋ."

ಅವಳು ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ಎಲ್ಲ ಮುಗಿದ ಮೇಲೆ. ಆ ಬೀದಿಗೆ ಆಮೇಲೂ ಎರಡು ಸಲ ಹೋಗಿದ್ದೇನೆ. ಗಿರಣಿ ನಡೆಯುತ್ತಿದೆ, ಮನೆಯಲ್ಲಿ ಬೇರೆ ಜನ ಇದ್ದಾರೆ. ಅವತ್ತಿನ ಸುಳ್ಳನ್ನು ಅವಳು ಮನ್ನಿಸಿದಳೋ, ಬರೀ ಪಕ್ಕಕ್ಕಿಟ್ಟಳೋ, ಇವತ್ತಿಗೂ ನನಗೆ ಗೊತ್ತಿಲ್ಲ. ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಈಗ ಕೇಳೋಣವೆಂದರೆ ಅಕ್ಕನಿಲ್ಲ.