ಯಾರಿಗೂ ಹೇಳಬಾರದ ಸಂಕಲ್ಪ

ನನ್ನ ಯೋಗ ಶುರುವಾದದ್ದು ಮಂಡಿನೋವಿನಿಂದ. ಗೋಣಿಬೀಡಿನ ನಮ್ಮ ಮನೆಯಲ್ಲಿ ಚಾಪೆ ಹಾಸಲು ಸಿಕ್ಕ ಜಾಗವೆಂದರೆ ಮೆಣಸಿನ ಮೂಟೆ ಇಡುವ ಕೋಣೆ. ಬೆಳಿಗ್ಗೆ ಆರಕ್ಕೆ ಫೋನನ್ನು ಮೂಟೆಗೆ ಒರಗಿಸಿಟ್ಟು, ಅದರೊಳಗಿನ ಮೇಡಂ ಹೇಳಿದಂತೆ ಕೈಕಾಲು ಎತ್ತಿ ಇಳಿಸುತ್ತಿದ್ದೆ. ಪ್ರಾಣಾಯಾಮಕ್ಕೆ ಉಸಿರೆಳೆದರೆ ಸೀನು. ಇಪ್ಪತ್ತು ನಿಮಿಷದ ಪಾಠ, ಕೊನೆಯ ಐದು ನಿಮಿಷ ಕಣ್ಣು ಮುಚ್ಚಿ ಮಲಗಿ ಸಂಕಲ್ಪ ಮಾಡಬೇಕು.

"ನಿಮಗೇನು ಬೇಕೋ ಅದನ್ನ ಮನಸ್ಸಲ್ಲೇ ಮೂರು ಸಲ ಹೇಳ್ಕೊಳ್ಳಿ. ನಲವತ್ತೆಂಟು ದಿನ. ಯಾರಿಗೂ ಹೇಳ್ಬೇಡಿ, ಹೇಳಿದ್ರೆ ಶಕ್ತಿ ಸೋರಿಹೋಗತ್ತೆ" ಎನ್ನುತ್ತಿದ್ದರು ಮೇಡಂ.

ನನಗೆ ಬೇಕಾದದ್ದು ಒಂದೇ. ಬಾಳೂರಿನ ಹತ್ತಿರ ಅಪ್ಪ ಮಾಡಿದ್ದ ಮೂರೆಕರೆ ಕಾಫಿ ತೋಟದ ಕೆಳಗಿನ ಅರ್ಧ ಎಕರೆ. ನಾನು ಪಿಯುಸಿ ಫೇಲಾಗಿ ಮನೆಯಲ್ಲಿ ಕೂತ ವರ್ಷ, ಅಪ್ಪ ಹಗ್ಗದ ಒಂದು ತುದಿ, ನಾನು ಇನ್ನೊಂದು ತುದಿ ಹಿಡಿದು ಸಾಲು ಹಾಕಿ ಸಸಿ ನೆಟ್ಟ ಜಾಗ. ಮನೆಯಲ್ಲಿ ಉಳಿದವರು ಮುಖ ಕೊಟ್ಟು ಮಾತಾಡದ ಆ ವರ್ಷ ನನ್ನನ್ನು ಉಳಿಸಿದ್ದು ಆ ಇಳಿಜಾರು. "ಅದು ನಿಂದು" ಎಂದು ಅಪ್ಪ ಕೊನೆಯವರೆಗೂ ಹೇಳುತ್ತಿದ್ದರು. ಬರೆದು ಮಾತ್ರ ಕೊಡಲಿಲ್ಲ.

ಅಪ್ಪ ತೀರಿ ವರ್ಷ ತುಂಬಿದ ಮೇಲೆ ಅಣ್ಣನ ಫೋನು. "ಹಕ್ಕು ಬಿಡುಗಡೆ ಪತ್ರ ಮಾಡ್ಸಬೇಕು ಮಾರಾಯ್ತಿ. ನಿಂದೊಂದು ಸೈನ್ ಅಷ್ಟೆ. ಕೊಯ್ಲು ಮುಗೀಲಿ. ತಕರಾರೇನೂ ಇಲ್ಲ ಅಲ್ವ?"

ನಮ್ಮ ಕಡೆ ಒಂದು ಸೀರೆ, ಅರಿಶಿನ ಕುಂಕುಮ ಕೊಟ್ಟರೆ ಹೆಣ್ಣುಮಕ್ಕಳು ತಮ್ಮ ಪಾಲು ಬಿಟ್ಟುಕೊಟ್ಟು ಸಹಿ ಹಾಕಿ ಬರುತ್ತಾರೆ. ಕಾನೂನು ಏನೇ ಇರಲಿ, ತವರು ಬೇಕಲ್ಲ! ನಾನೂ "ಕೊಯ್ಲು ಮುಗೀಲಿ" ಎಂದಷ್ಟೇ ಹೇಳಿ ಫೋನು ಇಟ್ಟೆ. ಮರುದಿನವೇ ಮೂಟೆಗಳ ನಡುವೆ ಮಲಗಿ ಸಂಕಲ್ಪ ಶುರುಮಾಡಿದೆ: ಕೆಳಗಿನ ಅರ್ಧ ಎಕರೆ ನನ್ನದು.

ಪೂಜೆಗೆ ಕೂತಾಗ ಭಟ್ಟರು ಸಂಕಲ್ಪ ಮಾಡಿಸುವುದನ್ನು ಎಷ್ಟು ಸಲ ನೋಡಿಲ್ಲ! ಊರು, ಗೋತ್ರ, ಹೆಸರು, ಇಂಥದ್ದು ಬೇಕು ಎಂಬುದು, ಎಲ್ಲವೂ ಗಟ್ಟಿಯಾಗಿ, ಅಂಗಳಕ್ಕೆ ಕೇಳುವಂತೆ. ಅದು ಗಂಡಸರ ಸಂಕಲ್ಪ. ಹೆಂಡತಿ ಪಕ್ಕದಲ್ಲಿ ಕೂತು ಗಂಡನ ಕೈ ಮುಟ್ಟಿಕೊಂಡಿದ್ದರೆ ಆಯಿತು. ನನ್ನ ಪಾಲಿಗೆ ಬಂದದ್ದು ಬಾಯಿ ಮುಚ್ಚಿಕೊಳ್ಳುವ ಸಂಕಲ್ಪ, ಅದನ್ನು ನಾನು ಶ್ರದ್ಧೆಯಿಂದಲೇ ಮಾಡಿದೆ.

"ಸೈನ್ ಹಾಕ್ತೀಯೋ ಹೇಗೆ?" ಎಂದು ನಮ್ಮ ಮನೆಯವರು ಕೇಳಿದರು. ನಕ್ಕೆ. ಅತ್ತಿಗೆ ಫೋನು ಮಾಡಿ ಸೀರೆ ಯಾವ ಬಣ್ಣದ್ದಿರಲಿ ಎಂದಳು. ಆಗಲೂ ನಕ್ಕೆ. ಒಳಗೆ ಶಕ್ತಿ ಕೂಡುತ್ತಿದೆ ಎಂಬ ಜಂಬ ಬೇರೆ. ಕಾಫಿ ಬೀಜ ಬಿತ್ತಿ ಪಾತಿಗೆ ಹೊದಿಸಿದ ಹುಲ್ಲನ್ನೇ ಮೊಳಕೆ ಬಂತೇ ಎಂದು ದಿನ ಬಿಟ್ಟು ದಿನ ಎತ್ತಿ ನೋಡುವವಳು ನಾನು, ಈ ಸಂಕಲ್ಪವನ್ನು ಮಾತ್ರ ಒಂದು ದಿನವೂ ಎತ್ತಿ ನೋಡಲಿಲ್ಲ. ಮೌನಂ ಸಮ್ಮತಿ ಲಕ್ಷಣಂ ಎಂದು ಅವರೆಲ್ಲ ತಿಳಿದರು. ತಿಳಿಯದೆ ಇನ್ನೇನು ಮಾಡಿಯಾರು?

ನಲವತ್ತೆಂಟು ಮುಗಿದು ವಾರಕ್ಕೆ ಮೂಡಿಗೆರೆಯ ರಿಜಿಸ್ಟ್ರಾರ್ ಆಫೀಸಿನಲ್ಲಿ ಕೂತಿದ್ದೆ. ಪತ್ರ ಟೈಪಾಗಿತ್ತು, ಸಾಕ್ಷಿಗಳು ಬಂದಿದ್ದರು, ಅತ್ತಿಗೆಯ ಕೈಚೀಲದಲ್ಲಿ ಸೀರೆಯಿತ್ತು. "ಒಪ್ಪಿಗೆನಾ ಅಮ್ಮಾ?" ಎಂದು ಮೇಜಿನ ಆಚೆ ಕೂತಿದ್ದವರು ಕೇಳಿದರು. ಅಷ್ಟು ದಿನದ ಶಕ್ತಿ ಈಗ ಹೊಟ್ಟೆಯೊಳಗಿಂದ ಎದ್ದು ಬರುತ್ತದೆ ಎಂದು ಕಾದೆ. ಗಂಟಲಿನಿಂದ ಬಂದದ್ದು "ಹ್ಞೂಂ". ತೋರಿಸಿದಲ್ಲೆಲ್ಲ ಸಹಿ ಹಾಕಿದೆ. ನಿಜಕ್ಕೂ ಶಾಂತವಾಗಿದ್ದೆ. ಇವತ್ತಿಗೂ ಮೈ ಉರಿಯುವುದು ಆ ಶಾಂತಿ ನೆನಪಾದಾಗಲೇ.

ಮೊನ್ನೆ ಅಪ್ಪನ ತಿಥಿಗೆ ಹೋಗಿದ್ದೆ. ಊಟವಾದ ಮೇಲೆ ಅಣ್ಣ ಎಲೆಗೆ ಸುಣ್ಣ ಹಚ್ಚುತ್ತ ನೆಂಟರೊಬ್ಬರಿಗೆ ಹೇಳುತ್ತಿದ್ದ. "ನಮ್ಮ ತಂಗಿ ಚಿನ್ನ. ಕೆಳಗಿನ ತುಂಡು ಅವಳಿಗೆ ಬಿಡು ಅಂತ ಅಪ್ಪ ನಂಗೂ ಹೇಳಿದ್ರು. ಕೇಳಿದ್ರೆ ಇಲ್ಲ ಅನ್ನೋಕಾಗಲ್ಲ ಅಂತ ಆ ತುಂಡು ಅವಳಿಗೇ ಉಳಿಯೋ ಹಾಗೆ ಇನ್ನೊಂದು ಪತ್ರನೂ ಟೈಪ್ ಮಾಡ್ಸಿದ್ದೆ. ಅವಳು ಬಾಯೇ ಬಿಡ್ಲಿಲ್ಲ ನೋಡಿ."

ಆ ದಿನ ಆಫೀಸಿನಲ್ಲಿ ಎರಡೂ ಪತ್ರ ಅವನ ಬ್ಯಾಗಿನಲ್ಲೇ ಇದ್ದವಂತೆ.